ಮನೆಯಲ್ಲಿ ಬಿಪಿ 130, ಆಪರೇಷನ್ ಕೋಣೆ ಬಾಗಿಲಲ್ಲಿ 184: ಅವ್ವನ ಆಪರೇಷನ್ ಮಾಡಿಸೋಣವೋ, ಕೊರೊನಾದ ಮೂರನೇ ಅಲೆ ದಾಟಲಿ ಅಂತ ಕಾಯೋಣವೋ?

ಪ್ರಶ್ನೆ (ಆಗಸ್ಟ್ 2021): ನಮ್ಮದು ಸಿಂಧನೂರು ತಾಲೂಕಿನ ಒಂದು ಹಳ್ಳಿ. ಅವ್ವನಿಗೆ 47 ವರ್ಷ. ಎರಡು ವರ್ಷದಿಂದ ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುತ್ತಿದೆ. ಸ್ಕ್ಯಾನಿಂಗ್ ಮಾಡಿಸಿದಾಗ ಗರ್ಭಕೋಶದಲ್ಲಿ ಎರಡು ಗಡ್ಡೆ ಇವೆ, ಗರ್ಭಕೋಶ ತೆಗೆಸಬೇಕು ಎಂದರು. ಏಪ್ರಿಲ್ ಕೊನೆಗೆ ದಿನ ಕೊಟ್ಟಿದ್ದರು. ಅಷ್ಟರಲ್ಲಿ ಕರ್ಫ್ಯೂ ಬಂತು, ಮುಂದಕ್ಕೆ ಹಾಕಿದರು. ಮೇ 9ಕ್ಕೆ ಅವ್ವನಿಗೇ ಕೊರೊನಾ ಪಾಸಿಟಿವ್ ಬಂತು. ಮನೆಯಲ್ಲೇ ಇದ್ದು ಹತ್ತು ಹನ್ನೆರಡು ದಿನಕ್ಕೆ ಆರಾಮಾದರು, ಆಕ್ಸಿಜನ್ ಬೇಕಾಗಲಿಲ್ಲ. ಈಗಲೂ ಮೆಟ್ಟಿಲು ಹತ್ತಿದರೆ ಉಸಿರು ಹತ್ತುತ್ತದೆ. ಜುಲೈನಲ್ಲಿ ಮತ್ತೆ ದಿನ ಕೊಟ್ಟರು. ಆಪರೇಷನ್ ಕೋಣೆ ಬಾಗಿಲಿಗೆ ಹೋದ ಮೇಲೆ ಬಿಪಿ 184/112 ಇದೆ ಅಂತ ವಾಪಸ್ ಕಳಿಸಿದರು. ಊರಲ್ಲಿ ನೋಡಿಸಿದರೆ 130/80. ಹಿಮೋಗ್ಲೋಬಿನ್ 8.2 ಇದೆ. ನಮ್ಮ ಓಣಿಯ ಒಬ್ಬರು ಕಾಲು ಮುರಿದು ಆಸ್ಪತ್ರೆಗೆ ಹೋದವರು, ಆಪರೇಷನ್ ಆದ ಮೇಲೆ ಕೊರೊನಾ ಬಂದು ತೀರಿಕೊಂಡರು. ಹೆಣ ಕೂಡ ಮನೆಗೆ ಬರಲಿಲ್ಲ. ಆವತ್ತಿನಿಂದ ಅವ್ವನಿಗೆ ರಾತ್ರಿ ನಿದ್ದೆ ಇಲ್ಲ. ಮೆಡಿಕಲ್ ಶಾಪಿನಿಂದ ನಿದ್ದೆ ಗುಳಿಗೆ ತಂದು ಕೊಟ್ಟಿದ್ದೇನೆ. ಲಸಿಕೆ ಹಾಕಿಸಿಲ್ಲ, ಹಾಕಿಸಿದರೆ ಆಪರೇಷನ್ ಮಾಡುವುದಿಲ್ಲ ಅಂತ ಜನ ಹೇಳುತ್ತಾರೆ. ಈಗ ಮಾಡಿಸುವುದಾ, ಕಾಯುವುದಾ? ಇಷ್ಟು ಹೆದರಿಕೆ ಇದ್ದರೆ ಟೇಬಲ್ ಮೇಲೆ ಏನಾದರೂ ಆಗುತ್ತದಾ? ಅವ್ವನದು ಒಂದೇ ಪ್ರಶ್ನೆ: "ನನ್ ಮಗನ್ನ ಒಳಗ ಬಿಡ್ತಾರನು?"

ಉತ್ತರ:

ನಿಮ್ಮ ಪತ್ರದಲ್ಲಿ ಎರಡು ಚಿಂತೆ ಕೂಡಿಕೊಂಡಿವೆ. ಈಗ ಆಪರೇಷನ್ ಮಾಡಿಸಿದರೆ ಕೊರೊನಾದಿಂದ ತೊಂದರೆ ಆಗುತ್ತದಾ ಎನ್ನುವುದು ಒಂದು. ಅವ್ವನ ಹೆದರಿಕೆಯೇ ತೊಂದರೆ ಮಾಡುತ್ತದಾ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಈ ಆಗಸ್ಟ್ ಹೊತ್ತಿಗೆ ಸಾಕಷ್ಟು ಖಚಿತ ಉತ್ತರ ಸಿಕ್ಕಿದೆ. ಎರಡನೆಯದಕ್ಕೆ ಸ್ವಲ್ಪ ಜಾಸ್ತಿ ಮಾತು ಬೇಕು.

ನಾನು ಬಳ್ಳಾರಿಯಲ್ಲಿ ಅರಿವಳಿಕೆ ವೈದ್ಯ. ಜನ "ಮತ್ತು ಕೊಡೋ ಡಾಕ್ಟರು" ಅನ್ನುತ್ತಾರಲ್ಲ, ಅವನೇ. ಕೊಯ್ಯುವುದು ಸರ್ಜನ್ನರ ಕೆಲಸ. ಕೊಯ್ಯುವ ಮುಂಚಿನ ಹದಿನೈದು ನಿಮಿಷ ಪೇಶಂಟಿನ ಮುಖದ ಹತ್ತಿರ ನಿಂತಿರುವವರು ನಾವು. ಹಾಗಾಗಿ ಹೆದರಿಕೆ ಹೇಗಿರುತ್ತದೆ ಅಂತ ಹತ್ತಿರದಿಂದ ನೋಡಿದ್ದೇನೆ.

ಓಣಿಯ ಕತೆಯಿಂದ ಶುರು ಮಾಡೋಣ. ಅದನ್ನು ಸುಳ್ಳು ಸುದ್ದಿ ಅಂತ ತಳ್ಳಿಹಾಕಬೇಡಿ. ಹಾಗೆ ನಿಜವಾಗಿ ಆಗಿದೆ, ಜಗತ್ತಿನ ತುಂಬ ಆಗಿದೆ. 2020ರ ಮೇ ತಿಂಗಳಲ್ಲಿ 24 ದೇಶಗಳ 1,128 ಪೇಶಂಟುಗಳ ಲೆಕ್ಕ ಹೊರಬಂತು. ಎಲ್ಲರೂ ಆಪರೇಷನ್ ಆಸುಪಾಸಿನಲ್ಲೇ ಕೊರೊನಾ ಸೋಂಕು ಇದ್ದವರು. ಒಂದು ತಿಂಗಳೊಳಗೆ ಅವರಲ್ಲಿ ನೂರಕ್ಕೆ ಸುಮಾರು 24 ಜನ ತೀರಿಕೊಂಡಿದ್ದರು. ಅದನ್ನು ಓದಿದ ದಿನ ನನಗೂ ಊಟ ಸೇರಲಿಲ್ಲ. ಆದರೆ ಆ ಪಟ್ಟಿಯಲ್ಲಿ ಯಾರಿದ್ದರು ಅಂತ ನೋಡಬೇಕು. ಮುಕ್ಕಾಲು ಪಾಲು ಜನ ತುರ್ತಾಗಿ ಟೇಬಲ್ ಮೇಲೆ ಬಂದವರು. ವಯಸ್ಸಾದವರು ಜಾಸ್ತಿ. ಲಸಿಕೆ ಆಗ ಇರಲೇ ಇಲ್ಲ. ಎಲ್ಲಕ್ಕಿಂತ ಮುಖ್ಯ ಏನಂದರೆ, ಮೈಯಲ್ಲಿ ವೈರಸ್ ಇರುವಾಗಲೇ ಅವರ ಆಪರೇಷನ್ ಆಗಿತ್ತು. ನಿಮ್ಮ ಓಣಿಯವರದೂ ಅದೇ ಸ್ಥಿತಿ ಇರಬೇಕು. ಮುರಿದ ಕಾಲು ಕಾಯುವುದಿಲ್ಲವಲ್ಲ.

ನಿಮ್ಮ ಅವ್ವನ ಲೆಕ್ಕವೇ ಬೇರೆ. ಈ ವರ್ಷ ಮಾರ್ಚಿನಲ್ಲಿ ಇನ್ನೂ ದೊಡ್ಡ ಅಧ್ಯಯನ ಬಂತು, 116 ದೇಶಗಳ 1 ಲಕ್ಷ 40 ಸಾವಿರಕ್ಕೂ ಹೆಚ್ಚು ಪೇಶಂಟುಗಳದು. ಕೊರೊನಾ ಬಂದು ಎಷ್ಟು ವಾರಕ್ಕೆ ಆಪರೇಷನ್ ಮಾಡಿದರೆ ಏನಾಗುತ್ತದೆ ಅಂತ ಅದರಲ್ಲಿ ನೋಡಿದರು. ಎರಡು ವಾರದೊಳಗೆ ಮಾಡಿದರೆ ನೂರಕ್ಕೆ ನಾಲ್ಕು ಸಾವು. ಆರನೇ ವಾರದವರೆಗೂ ಹೆಚ್ಚುಕಡಿಮೆ ಅಷ್ಟೇ. ಏಳು ವಾರ ದಾಟಿದ ಮೇಲೆ ಅದು ಒಂದೂವರೆಗೆ ಇಳಿಯುತ್ತದೆ, ಅಂದರೆ ಕೊರೊನಾ ಬಾರದವರಷ್ಟೇ. ಇವು ಎಲ್ಲ ಬಗೆಯ ಆಪರೇಷನ್ನುಗಳೂ, ತುರ್ತಿನವೂ ವಯಸ್ಸಾದವರವೂ ಸೇರಿದ ಲೆಕ್ಕ. 47 ವರ್ಷದವರ ಗರ್ಭಕೋಶದ ಆಪರೇಷನ್‌ಗೆ ಅಪಾಯ ಇದಕ್ಕಿಂತ ಎಷ್ಟೋ ಕಡಿಮೆ. ಮೇ 9ರಿಂದ ಎಣಿಸಿ, ಹದಿನಾಲ್ಕು ವಾರ ಆಗಿದೆ. ಆ ಗಡಿ ನೀವು ಯಾವತ್ತೋ ದಾಟಿದ್ದೀರಿ.

ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿದೆ. ಏಳು ವಾರ ಕಳೆದರೂ ಉಸಿರಾಟದ ತೊಂದರೆಯಂಥ ಲಕ್ಷಣ ಉಳಿದವರಿಗೆ ಅಪಾಯ ಇಳಿದಿರಲಿಲ್ಲ. ಅವ್ವನಿಗೆ ಮೆಟ್ಟಿಲು ಹತ್ತಿದರೆ ಉಸಿರು ಹತ್ತುತ್ತದೆ ಅಂತ ನೀವು ಒಂದು ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನಾನು ಅಲ್ಲೇ ನಿಂತೆ. ಹಿಮೋಗ್ಲೋಬಿನ್ 8.2 ಇದ್ದರೆ ಯಾರಿಗಾದರೂ ಉಸಿರು ಹತ್ತಬಹುದು, ಬಹುಶಃ ಕಾರಣ ಅದೇ. ಆದರೆ ಬಹುಶಃ ಅಂತ ಹೇಳಿ ಮತ್ತು ಕೊಡಲು ಆಗುವುದಿಲ್ಲ. ಎದೆಯ ಎಕ್ಸ್‌ರೇ, ಇಸಿಜಿ ಮಾಡಿಸಿ. ಮನೆಯಲ್ಲಿ ಬೆರಳಿಗೆ ಹಾಕುವ ಆಕ್ಸಿಮೀಟರ್ ಇದ್ದರೆ ಅಂಗಳದಲ್ಲಿ ಆರು ನಿಮಿಷ ನಡೆಸಿ ನೋಡಿ. ನಡೆದ ಮೇಲೂ ಆಕ್ಸಿಜನ್ ಅಂಕಿ 94ಕ್ಕಿಂತ ಕೆಳಗೆ ಹೋಗದಿದ್ದರೆ ಒಳ್ಳೆಯದು. ಅದಕ್ಕಿಂತ ಕೆಳಗೆ ಹೋದರೆ, ಇಲ್ಲವೇ ನಡೆಯುವ ಮುಂಚಿಗಿಂತ ಮೂರು ನಾಲ್ಕು ಅಂಕಿ ಇಳಿದರೆ ಡಾಕ್ಟರಿಗೆ ಹೇಳಿ.

ಈಗ ಬಿಪಿ. ಹೆದರಿದಾಗ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ರಕ್ತನಾಳ ಬಿಗಿಯಾಗುತ್ತವೆ, ಬಿಪಿ ಹತ್ತುತ್ತದೆ. ಸಕ್ಕರೆ ಕೂಡ ಏರುತ್ತದೆ. ಊರಲ್ಲಿ 130, ಬಿಳಿ ಕೋಟು ಕಂಡ ಕೂಡಲೇ 184 ಅಂದರೆ ಅದು ಹೆದರಿಕೆಯ ಬಿಪಿ ಇರುವ ಸಂಭವ ಜಾಸ್ತಿ. ಮುಂಗಡ ಗೊತ್ತುಮಾಡಿದ ಆಪರೇಷನ್‌ಗೆ 180/110ರ ಒಳಗಿದ್ದರೆ ಬರೀ ಬಿಪಿ ಕಾರಣಕ್ಕೆ ಮುಂದೆ ಹಾಕಬೇಕಿಲ್ಲ ಅಂತ ನಮ್ಮಲ್ಲಿ ಒಂದು ಅಳತೆ ಇದೆ. ಅವ್ವ ಆವತ್ತು ಆ ಗೆರೆಯ ಆಚೆ ಹೋಗಿದ್ದರು. ಆ ಡಾಕ್ಟರನ್ನು ನಾನು ತಪ್ಪು ಅನ್ನುವುದಿಲ್ಲ. ಮನೆಯ ಬಿಪಿ ಎಷ್ಟು ಅಂತ ಅವರ ಕೈಯಲ್ಲಿ ಕಾಗದ ಇದ್ದಿದ್ದರೆ ಅವರು ಬೇರೆ ಥರ ಯೋಚನೆ ಮಾಡುತ್ತಿದ್ದರೇನೋ. ಆ ಕಾಗದ ನೀವೇ ತಯಾರು ಮಾಡಿ. ತೋಳಿಗೆ ಕಟ್ಟುವ ಮಶೀನಿನಲ್ಲಿ ಏಳು ದಿನ, ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ. ಐದು ನಿಮಿಷ ಸುಮ್ನೆ ಕೂತ ಮೇಲೆ ನೋಡಬೇಕು, ಚಹಾ ಕುಡಿದು ಓಡಿಬಂದು ಅಲ್ಲ. ಮಶೀನಿಲ್ಲದಿದ್ದರೆ ಆಶಾ ಕಾರ್ಯಕರ್ತೆಯನ್ನೋ ಆರೋಗ್ಯ ಕೇಂದ್ರದ ಸಿಸ್ಟರನ್ನೋ ಕೇಳಿ. ಹದಿನಾಲ್ಕು ಅಂಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದು ತನ್ನಿ. ಮನೆಯಲ್ಲೂ ಹೆಚ್ಚಿದ್ದರೆ ಆಗ ಅದು ನಿಜವಾದ ಬಿಪಿ, ಮಾತ್ರೆ ಬೇಕು.

ಹೆದರಿಕೆಯಿಂದ ಟೇಬಲ್ ಮೇಲೆ ಏನಾದರೂ ಆಗುತ್ತದಾ ಅಂತ ಕೇಳಿದ್ದೀರಿ. ಹೆದರಿಕೆಯೊಂದೇ ಕಾರಣಕ್ಕೆ ಎದೆ ನಿಂತುಹೋಗುತ್ತದೆ ಅನ್ನುವುದು ಸಿನಿಮಾ ಮಾತು. ಹೃದಯ ಗಟ್ಟಿ ಇದ್ದವರಿಗೆ ಹಾಗಾಗುವುದು ತೀರಾ ಅಪರೂಪ. ನಿಜವಾಗಿ ಆಗುವುದು ಇಷ್ಟು: ಬಿಪಿ, ನಾಡಿ ಏರಿಳಿಯುತ್ತವೆ, ಮತ್ತಿನ ಔಷಧ ಸ್ವಲ್ಪ ಜಾಸ್ತಿ ಬೇಕಾಗುತ್ತದೆ, ಆಪರೇಷನ್ ಆದ ಮೇಲೆ ನೋವು ಹೆಚ್ಚು ಅನಿಸುತ್ತದೆ, ಮತ್ತೆ ಹೀಗೆ ಬಾಗಿಲಿಂದ ವಾಪಸ್ ಬರುವುದು. ಎಲ್ಲವನ್ನೂ ಸಂಭಾಳಿಸಬಹುದು.

ಇದರ ಮಧ್ಯೆ ಮನೆಯವರು ಏನು ಮಾಡುತ್ತಾರೆ ಗೊತ್ತಾ? "ಧೈರ್ಯ ತಗೋ, ಸಣ್ಣ ಹುಡುಗರಂಗ ಮಾಡಬ್ಯಾಡ" ಅನ್ನುತ್ತಾರೆ. ಬೆದರಿದ ಎತ್ತಿಗೆ ಬಾರುಕೋಲು ತೋರಿಸಿದ ಹಾಗೆ. ಎತ್ತು ಯಾಕೆ ಬೆದರಿತು ಅಂತ ಮೊದಲು ನೋಡಬೇಕು, ದಾರಿಯಲ್ಲಿ ಬಿದ್ದ ಪ್ಲಾಸ್ಟಿಕ್ ಚೀಲವೋ, ಹಾವೋ.

ಹೋದ ವರ್ಷ ಮೊದಲ ಅಲೆ ಇಳಿದ ಮೇಲೆ ಕಂಪ್ಲಿ ಕಡೆಯ ಒಬ್ಬ ಹೆಣ್ಣುಮಗಳು ಪಿತ್ತಕೋಶದ ಕಲ್ಲಿಗೆ ಬಂದಿದ್ದರು. ಟೇಬಲ್ ಮೇಲೆ ಮಲಗಿಸಿದರೆ ಬಿಪಿ 190. ಆಕ್ಸಿಮೀಟರ್ ಹಾಕಲು ಬೆರಳು ಬೇಕು, ಬಲಗೈ ಮುಷ್ಟಿ ಬಿಚ್ಚುತ್ತಿಲ್ಲ. ಸಿಸ್ಟರ್ ಎರಡು ಸಲ ಕೇಳಿದರು, ಇಲ್ಲ. ನಾನು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಮುಷ್ಟಿ ಸಡಿಲವಾಯಿತು. ಒಳಗೆ ತಾಳಿ. ಕೊರಳಿಂದ ಬಿಚ್ಚಿಸಿದ್ದರು, ಆಕೆ ಗಂಡನ ಕೈಗೆ ಕೊಡದೆ ಮುಚ್ಚಿ ಹಿಡಿದುಕೊಂಡೇ ಒಳಗೆ ಬಂದಿದ್ದರು. "ಅವ್ರು ಹೊರಗ ಅಷ್ಟ್ ಮಂದ್ಯಾಗ ನಿಂತಾರ್ರಿ. ಇದನ್ನ ತೆಗದಾಗ ಅವ್ರಿಗೆ ಕೊರೊನಾ ಬಂದ್ರ?" ನಾವೆಲ್ಲ ಆಕೆ ಚಾಕುವಿಗೆ ಹೆದರಿದ್ದಾಳೆ ಅಂದುಕೊಂಡಿದ್ದೆವು. ಆಕೆಯ ಚಿಂತೆ ಕಾರಿಡಾರಿನಲ್ಲಿ ನಿಂತಿದ್ದ ಗಂಡನದು. ಆಯಾ ಹೋಗಿ ಎಲ್ಲಿಂದಲೋ ಅರಿಶಿನದ ಕೊಂಬು ಕಟ್ಟಿದ ದಾರ ತಂದರು, ಕೊರಳಿಗೆ ಕಟ್ಟಿದೆವು, ಬಂಗಾರ ಗಂಡನಿಗೆ ಹೋಯಿತು, ಗಂಡನಿಗೆ ಹೊರಗೆ ಬೇವಿನ ಮರದ ಕೆಳಗೆ ಕೂರಲು ಹೇಳಿ ಕಳಿಸಿದೆವು. ಹತ್ತು ನಿಮಿಷಕ್ಕೆ ಬಿಪಿ 152. ಯಾವ ಇಂಜೆಕ್ಷನ್ನೂ ಕೊಟ್ಟಿರಲಿಲ್ಲ.

(ಲೋಹ ತೆಗೆಸುವುದಕ್ಕೆ ಕಾರಣ ಇದೆ. ರಕ್ತ ನಿಲ್ಲಿಸಲು ಕರೆಂಟಿನ ಉಪಕರಣ ಬಳಸುತ್ತೇವೆ, ಮೈಮೇಲೆ ಲೋಹ ಇದ್ದರೆ ಚರ್ಮ ಸುಡಬಹುದು. ಅರಿಶಿನದ ದಾರಕ್ಕೆ ಆ ತಕರಾರಿಲ್ಲ. ಹಿಂದಿನ ದಿನ ಮನೆಯಲ್ಲೇ ಕಟ್ಟಿಕೊಂಡು ಬರಲಿ. ಕಾಲುಂಗುರ, ಮೂಗುತಿಯನ್ನೂ ಮನೆಯಲ್ಲೇ ಸೋಪು ಹಚ್ಚಿ ತೆಗೆದರೆ ಒಳ್ಳೆಯದು, ಆಪರೇಷನ್ ಕೋಣೆ ಬಾಗಿಲಲ್ಲಿ ಗಡಿಬಿಡಿಯಲ್ಲಿ ಅಲ್ಲ.)

ಈ ಎರಡು ವರ್ಷದಲ್ಲಿ ಆಪರೇಷನ್‌ಗೆ ಬಂದವರ ಹೆದರಿಕೆ ಮೊದಲಿನ ಹಾಗಿಲ್ಲ. ಮೊದಲು "ಎಚ್ಚರ ಆಗ್ತದಾ, ನೋವು ಆಗ್ತದಾ" ಅಂತ ಕೇಳುತ್ತಿದ್ದರು. ಈಗ "ನಮ್ಮವರು ಎಲ್ಲಿರ್ತಾರೆ" ಅಂತ ಕೇಳುತ್ತಾರೆ. ಒಬ್ಬರನ್ನಷ್ಟೇ ಬಿಡುತ್ತಾರೆ, ಮುಖ ಕಾಣುವುದಿಲ್ಲ, ಪಿಪಿಇ ಹಾಕಿದ ಡಾಕ್ಟರ್ ಯಾರು ನರ್ಸ್ ಯಾರು ಗೊತ್ತಾಗುವುದಿಲ್ಲ, ಮಾಸ್ಕಿನ ಮೇಲೆ ಮಾಸ್ಕು ಇದ್ದು ಮಾತು ಕೇಳುವುದಿಲ್ಲ. ನಾನು ಎದೆ ಮೇಲೆ ದಪ್ಪ ಅಕ್ಷರದಲ್ಲಿ ಹೆಸರು ಬರೆದ ಕಾಗದ ಅಂಟಿಸಿಕೊಳ್ಳುತ್ತಿದ್ದೆ. ಓದು ಬಾರದ ಅಜ್ಜಿಯೊಬ್ಬರು ಅದನ್ನು ನೋಡಿ "ಬಸ್ಸಿನ ಬೋರ್ಡ್ ಇದ್ದಂಗ ಐತಿ" ಅಂದರು. ನಕ್ಕರು. ನಾಡಿ ಇಳಿಯಿತು.

ಇನ್ನೊಂದು ದೊಡ್ಡ ಒತ್ತಡ ತಾರೀಖಿನದು. ಮೊದಲ ಅಲೆಯ ಬರೀ ಹನ್ನೆರಡು ವಾರದಲ್ಲಿ ಜಗತ್ತಿನಲ್ಲಿ ಸುಮಾರು 2 ಕೋಟಿ 84 ಲಕ್ಷ ಆಪರೇಷನ್ ಮುಂದೆ ಹೋದವು ಅಥವಾ ರದ್ದಾದವು ಅಂತ ಅಂದಾಜು. ನಮ್ಮಲ್ಲಿ ಯಾಕೆ ಹೀಗಾಯಿತು ಅಂದರೆ, ಹಾಸಿಗೆ, ವೆಂಟಿಲೇಟರ್, ಆಕ್ಸಿಜನ್ ಎಲ್ಲ ಕೊರೊನಾ ವಾರ್ಡಿಗೆ ಹೋದವು, ಜತೆಗೆ ನಾವು ಅರಿವಳಿಕೆಯವರೂ ಹೋದೆವು. ಐಸಿಯು ನೋಡಿಕೊಳ್ಳಲು ಬರುವವರು ನಾವೇ ಅಲ್ವಾ. ಮೇ ತಿಂಗಳಲ್ಲಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ಆಕ್ಸಿಜನ್ ಟ್ಯಾಂಕರ್ ಹೊರಡುವುದನ್ನು ನೀವೂ ಟಿವಿಯಲ್ಲಿ ನೋಡಿರುತ್ತೀರಿ. ಕಾರಣ ಸರಿಯಾದದ್ದೇ. ಹೇಳಿದ ರೀತಿ ಸರಿ ಇರಲಿಲ್ಲ. ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಿಂದಲೇ ಒಬ್ಬ ಹರ್ನಿಯಾ ಪೇಶಂಟಿಗೆ ಮೂರು ಸಲ "ನಾಳೆ ಬರಬೇಡಿ" ಅಂತ ಫೋನ್ ಹೋಯಿತು, ಯಾಕೆ ಅಂತ ಒಮ್ಮೆಯೂ ಹೇಳಲಿಲ್ಲ. ಅವರು ತಮಗೇನೋ ಕ್ಯಾನ್ಸರ್ ಇದೆ, ಮುಚ್ಚಿಡುತ್ತಿದ್ದಾರೆ ಅಂದುಕೊಂಡು ಎರಡು ತಿಂಗಳು ಕೊರಗಿದರು. ಅದರಲ್ಲಿ ನನ್ನ ಪಾಲೂ ಇದೆ. ನಿಮ್ಮ ಅವ್ವನಿಗೆ ಎರಡು ಸಲ ಹೀಗಾಗಿದೆ. ಮೂರನೇ ಸಲ ನಂಬಿಕೆ ಬರುವುದು ಹೇಗೆ?

ಆಮ್‌ಸ್ಟರ್‌ಡ್ಯಾಮ್‌ನ ವೈದ್ಯರು 1996ರಲ್ಲಿ ಆಪರೇಷನ್ ಮುಂಚಿನ ಆತಂಕ ಅಳೆಯಲು ಬರೀ ಆರು ಪ್ರಶ್ನೆಗಳ ಒಂದು ಪಟ್ಟಿ ಮಾಡಿದರು. ಈಗಲೂ ಬಳಸುತ್ತಾರೆ. ಆರರಲ್ಲಿ ನಾಲ್ಕು ಹೆದರಿಕೆಯ ಬಗ್ಗೆ: ಮತ್ತಿನ ಚಿಂತೆ ಎಷ್ಟು, ಆಪರೇಷನ್ನಿನದು ಎಷ್ಟು, ಅದೇ ತಲೆಯಲ್ಲಿ ಸುತ್ತುತ್ತಿದೆಯಾ ಅಂತ. ಉಳಿದ ಎರಡು ಬೇರೆ ಥರ: ಅದರ ಬಗ್ಗೆ ನಿಮಗೆ ಎಷ್ಟು ತಿಳಿದುಕೊಳ್ಳಬೇಕು ಅನಿಸುತ್ತದೆ? ನನಗೆ ಹೆಚ್ಚು ಉಪಯೋಗಕ್ಕೆ ಬಂದಿದ್ದು ಈ ಎರಡೇ. ಕೆಲವರಿಗೆ ಪ್ರತಿಯೊಂದೂ ಗೊತ್ತಾಗಬೇಕು. ಕೆಲವರಿಗೆ "ನೀವು ಮಾಡ್ರಿ, ನನಗ ಹೇಳಬ್ಯಾಡ್ರಿ" ಅನ್ನುವಷ್ಟೇ ಬೇಕು. ಅವರಿಗೆ ಕೂರಿಸಿಕೊಂಡು ಎಲ್ಲ ವಿವರಿಸಿದರೆ ಹೆದರಿಕೆ ಹೆಚ್ಚುತ್ತದೆ. ಅವ್ವ ಯಾವ ಥರದವರು? ರೊಟ್ಟಿ ಬಡಿಯುವಾಗಲೋ ಅಕ್ಕಿ ಆರಿಸುವಾಗಲೋ ಪಕ್ಕದಲ್ಲಿ ಕೂತು ಕೇಳಿ: "ಯಾವುದು ಜಾಸ್ತಿ ಹೆದರಿಕಿ ಅನಿಸ್ತದವ್ವ?" ಕೇಳಿ ಸುಮ್ಮನಿರಿ. ತಕ್ಷಣ ಸಮಾಧಾನ ಹೇಳಬೇಡಿ. "ಹೆಣಾನೂ ಮನಿಗೆ ಬರಲಿಲ್ಲ" ಎನ್ನುವ ಮಾತು ಅವರ ಬಾಯಿಂದಲೇ ಬರಬಹುದು. ಬರಲಿ. ಅದಕ್ಕೆ ಕೊಡಬಹುದಾದ ಉತ್ತರ ಇದೆ, ಮೇಲೆ ಬರೆದಿದ್ದೇನೆ.

ಇನ್ನು ದಾರಿಗಳು. ನನಗೆ ಕಾಣುವುದು ಮೂರು.

ಮುಂದಿನ ವಾರವೇ ಮಾಡಿಸಿಬಿಡುವುದು ಒಂದು. ಬೇಡ. ಕೊರೊನಾ ಕಾರಣಕ್ಕಲ್ಲ, 8.2ರ ಕಾರಣಕ್ಕೆ. ಗರ್ಭಕೋಶದ ಆಪರೇಷನ್‌ನಲ್ಲಿ ರಕ್ತ ಹೋಗುತ್ತದೆ. ಕಡಿಮೆ ಹಿಮೋಗ್ಲೋಬಿನ್ನಿಂದ ಶುರು ಮಾಡಿದರೆ ಎರಡು ಮೂರು ಬಾಟಲಿ ರಕ್ತ ಹಾಕಬೇಕಾಗಬಹುದು, ಗಾಯ ಒಣಗುವುದು ತಡವಾಗಬಹುದು. ಮನೆಯಲ್ಲೇ ಸರಿಮಾಡಬಹುದಾದದ್ದನ್ನು ಬಿಟ್ಟು ರಕ್ತನಿಧಿ ಮುಂದೆ ನಿಲ್ಲುವುದು ಯಾಕೆ?

ಮೂರನೇ ಅಲೆ ಬಂದು ಹೋಗಲಿ, ಆಮೇಲೆ ನೋಡೋಣ ಅನ್ನುವುದು ಇನ್ನೊಂದು. ಅಲೆ ಯಾವಾಗ ಬರುತ್ತದೋ, ಬರುತ್ತದೋ ಇಲ್ಲವೋ, ಯಾರೂ ತಾರೀಖು ಬರೆದುಕೊಟ್ಟಿಲ್ಲ. ಅಷ್ಟರಲ್ಲಿ ಪ್ರತಿ ತಿಂಗಳೂ ರಕ್ತ ಹೋಗುತ್ತಿರುತ್ತದೆ. ನನಗೆ ನಿಜವಾಗಿ ಭಯ ಇರುವುದು ಇದರದೇ: ಆಸ್ಪತ್ರೆ ತುಂಬಿರುವ ಹೊತ್ತಿನಲ್ಲಿ, ಹಿಮೋಗ್ಲೋಬಿನ್ 6ಕ್ಕೆ ಇಳಿದು, ರಾತ್ರಿ ಆಂಬುಲೆನ್ಸ್‌ನಲ್ಲಿ ತುರ್ತಾಗಿ ಬರುವುದು. ಓಣಿಯವರ ಕತೆ ಮತ್ತೆ ಆಗುವುದಿದ್ದರೆ ಹಾಗೇ ಆಗುತ್ತದೆ.

ಹಾಗಂತ ಆಪರೇಷನ್ನೇ ಆಗಬೇಕು ಅಂತೇನಿಲ್ಲ, ಇದನ್ನೂ ಹೇಳಬೇಕು. ನಮ್ಮ ಭಾಗದಲ್ಲಿ ಗರ್ಭಕೋಶ ತೆಗೆಸುವುದು ಸ್ವಲ್ಪ ಸಲೀಸಾಗಿಬಿಟ್ಟಿದೆ. ಗಡ್ಡೆ ಇದೆ ಅಂದ ಕೂಡಲೇ ಕ್ಯಾನ್ಸರ್ ಅಂತ ಹೆದರಿ ತೆಗೆಸುತ್ತಾರೆ. ಫೈಬ್ರಾಯ್ಡ್ ಗಡ್ಡೆ ಕ್ಯಾನ್ಸರ್ ಅಲ್ಲ, ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ಕುಗ್ಗುತ್ತದೆ. ಅವ್ವನಿಗೆ 47, ಮುಟ್ಟು ನಿಲ್ಲುವ ವಯಸ್ಸು ದೂರ ಇಲ್ಲ. ರಕ್ತ ಕಡಿಮೆ ಮಾಡುವ ಟ್ರನೆಕ್ಸಾಮಿಕ್ ಆಸಿಡ್ ಮಾತ್ರೆ ಇದೆ, ಮುಟ್ಟಿನ ದಿನಗಳಲ್ಲಿ ಮಾತ್ರ ತೆಗೆದುಕೊಳ್ಳುವುದು. ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ ಇತಿಹಾಸ ಇದ್ದರೆ ಅದು ಆಗುವುದಿಲ್ಲ. ಗರ್ಭಕೋಶದ ಒಳಗೆ ಹಾಕುವ ಹಾರ್ಮೋನ್ ಇರುವ ವಂಕಿ ಇದೆ, ಐದು ವರ್ಷ ಕೆಲಸ ಮಾಡುತ್ತದೆ. ಗಡ್ಡೆ ಒಳಗೋಡೆಯನ್ನು ತಳ್ಳಿಕೊಂಡಿದ್ದರೆ ಅದು ನಿಲ್ಲದೆ ಬಿದ್ದುಹೋಗಬಹುದು. ಇದೆಲ್ಲ ನಿಮ್ಮ ಹೆಣ್ಣುಮಕ್ಕಳ ಡಾಕ್ಟರ್ ಹೇಳಬೇಕಾದ ಮಾತು, ನನ್ನದಲ್ಲ. ಆದರೆ ಕೇಳುವ ಹಕ್ಕು ನಿಮ್ಮದು. ಒಂದನ್ನು ಮಾತ್ರ ಬಿಡಬೇಡಿ. 45 ದಾಟಿದವರಿಗೆ ಹೀಗೆ ರಕ್ತ ಹೋಗುತ್ತಿದ್ದರೆ ಗರ್ಭಕೋಶದ ಒಳಪದರದ ಚೂರು ತೆಗೆದು ಬಯಾಪ್ಸಿ ಮಾಡಿಸಬೇಕು. ಅದರಲ್ಲಿ ಏನಾದರೂ ಕಂಡರೆ ಕಾಯುವ ಮಾತೇ ಇಲ್ಲ. ಏನೂ ಇಲ್ಲದಿದ್ದರೆ ಯೋಚಿಸಲು ಪುರುಸೊತ್ತು ಸಿಗುತ್ತದೆ.

ಆಪರೇಷನ್ನೇ ಸರಿ ಅಂತಾದರೆ ನಾನು ಹೇಳುವುದು ಮೂರನೇ ದಾರಿ. ಐದಾರು ವಾರ ತಯಾರಿ, ಸೆಪ್ಟೆಂಬರ್ ಕೊನೆಗೆ ಆಪರೇಷನ್. ಕಾಲುವೆಗೆ ನೀರು ಬಿಟ್ಟಿದ್ದಾರೆ, ನಿಮ್ಮ ಕಡೆ ನಾಟಿ ನಡೆದಿದೆ, ಅವ್ವನ ತಲೆಯ ಅರ್ಧ ಅಲ್ಲಿರುತ್ತದೆ. ಅದು ಮುಗಿಯಲಿ. ಆಪರೇಷನ್ ಆದ ಮೇಲೆ ಆರು ವಾರ ಕೊಡ ಎತ್ತುವಂತಿಲ್ಲ, ಹೊರೆ ಹೊರುವಂತಿಲ್ಲ. ಸೆಪ್ಟೆಂಬರ್ ಕೊನೆಗೆ ಆದರೆ ಭತ್ತದ ಕೊಯ್ಲಿನ ಹೊತ್ತಿಗೆ ಆ ಆರು ವಾರ ಕಳೆದಿರುತ್ತದೆ. ಗಣೇಶನ ಹಬ್ಬ ಸೆಪ್ಟೆಂಬರ್ 10ಕ್ಕೆ. ಹಬ್ಬ ಮುಗಿದ ಮೇಲೆ ಆಪರೇಷನ್‌ವರೆಗೆ ಎರಡು ವಾರ ಮದುವೆ, ಸಂತೆ, ಜಾತ್ರೆ ಬೇಡ. ಅವ್ವನಿಗಷ್ಟೇ ಅಲ್ಲ, ಮನೆಯವರಿಗೂ.

ಈ ವಾರದಿಂದಲೇ ಕಬ್ಬಿಣಾಂಶ ಶುರುವಾಗಲಿ. ಮಾತ್ರೆ ತಿಂದು ಏರಲು ತಿಂಗಳುಗಟ್ಟಲೆ ಬೇಕು, ಅದರಲ್ಲೂ ರಕ್ತ ಹೋಗುತ್ತಿರುವಾಗ. ಹಾಗಾಗಿ ರಕ್ತನಾಳಕ್ಕೆ ಕೊಡುವ ಕಬ್ಬಿಣದ ಇಂಜೆಕ್ಷನ್ ಬಗ್ಗೆ ಕೇಳಿ. ಅಪರೂಪಕ್ಕೆ ಅಲರ್ಜಿ ಆಗಬಹುದು, ಅದಕ್ಕೇ ಆಸ್ಪತ್ರೆಯಲ್ಲೇ ಕೊಡುತ್ತಾರೆ. ಮೂರು ನಾಲ್ಕು ವಾರಕ್ಕೆ ವ್ಯತ್ಯಾಸ ಕಾಣುತ್ತದೆ. ನಾನಾದರೆ ಟೇಬಲ್‌ಗೆ ಬರುವಾಗ ಕನಿಷ್ಠ 10 ಕೇಳುತ್ತೇನೆ. ಪುಂಡಿಪಲ್ಯ, ಬೆಲ್ಲ ತಿನ್ನಲಿ, ಒಳ್ಳೆಯದೇ, ಆದರೆ ಅದರಿಂದಲೇ ಏರುತ್ತದೆ ಅಂತ ಕೂರಬೇಡಿ. ಊಟದ ಬೆನ್ನಲ್ಲೇ ಚಹಾ ಕುಡಿಯುವುದನ್ನು ಮಾತ್ರ ನಿಲ್ಲಿಸಿ, ತಿಂದ ಕಬ್ಬಿಣಾಂಶ ಮೈಗೆ ಹತ್ತಲು ಅದು ಬಿಡುವುದಿಲ್ಲ.

ಲಸಿಕೆ ಹಾಕಿಸಿದರೆ ಆಪರೇಷನ್ ಮಾಡುವುದಿಲ್ಲ ಎನ್ನುವುದು ಶುದ್ಧ ಗಾಳಿಮಾತು. ಹಾಕಿಸಿಕೊಂಡು ಬಂದರೆ ನಮಗೆ ಸಂತೋಷ. ಕೊರೊನಾ ಬಂದು ಗುಣವಾದವರು ಮೂರು ತಿಂಗಳು ಬಿಟ್ಟು ಹಾಕಿಸಿ ಅನ್ನುವುದು ಈ ಹೊತ್ತಿನ (2021ರ) ಸರಕಾರದ ಸೂಚನೆ. ಅವ್ವನಿಗೆ ಆ ಮೂರು ತಿಂಗಳು ಈಗಷ್ಟೇ ತುಂಬಿದೆ. ಈ ವಾರವೇ ಹಾಕಿಸಿ. ಲಸಿಕೆಗೂ ಆಪರೇಷನ್‌ಗೂ ಒಂದು ವಾರ ಅಂತರ ಇರಲಿ, ಜ್ವರ ಬಂದರೆ ಅದು ಲಸಿಕೆಯದೋ ಬೇರೆಯದೋ ಗೊತ್ತಾಗಬೇಕಲ್ಲ. ಎರಡನೇ ಡೋಸಿಗೆ ಕಾಯಬೇಕಿಲ್ಲ. ಇನ್ನು ನೀವೇ ರಕ್ತ ಕೊಡುವ ಯೋಚನೆ ಇದ್ದು ನೀವೂ ಲಸಿಕೆ ಹಾಕಿಸಿಕೊಳ್ಳುವವರಿದ್ದರೆ, ಈ ಹೊತ್ತಿನ (2021ರ) ನಿಯಮದಂತೆ ಲಸಿಕೆ ಆದ ಮೇಲೆ 14 ದಿನ ರಕ್ತ ಕೊಡುವಂತಿಲ್ಲ. ಮೊದಲು ರಕ್ತ ಕೊಟ್ಟು ಬನ್ನಿ, ಇಲ್ಲವೇ ದಿನ ಎಣಿಸಿಕೊಳ್ಳಿ. ಈ ಲೆಕ್ಕ ತಪ್ಪಿ ಬಾಗಿಲಲ್ಲಿ ಕೈಚೆಲ್ಲಿ ನಿಂತ ಮಕ್ಕಳನ್ನು ಈ ಬೇಸಿಗೆಯಲ್ಲಿ ತುಂಬ ನೋಡಿದೆ.

ಈ ಕೊರೊನಾ ಕಾಲದಲ್ಲಿ ಅಡ್ಮಿಟ್ ಆಗುವ ಮುಂಚೆ ಮೂಗಿನ ಪರೀಕ್ಷೆ ಮಾಡುತ್ತಾರೆ. ಮೂಗಿಗೆ ಕಡ್ಡಿ ಹಾಕಿದರೆ ಕೊರೊನಾ ಅಂಟುತ್ತದೆ ಅನ್ನುವುದನ್ನು ನಂಬಬೇಡಿ. ಮೇ ತಿಂಗಳ ಪಾಸಿಟಿವ್ ಚೀಟಿ ಮಾತ್ರ ಜೋಪಾನವಾಗಿ ತನ್ನಿ. ಸತ್ತ ವೈರಸ್ಸಿನ ಚೂರುಗಳಿಂದಾಗಿ ಗುಣವಾದವರಲ್ಲೂ ಆರ್‌ಟಿ-ಪಿಸಿಆರ್ ವಾರಗಟ್ಟಲೆ, ಕೆಲವರಲ್ಲಿ ಮೂರು ತಿಂಗಳವರೆಗೂ ಪಾಸಿಟಿವ್ ತೋರಿಸುತ್ತದೆ. ಹಳೆಯ ಚೀಟಿ ಇದ್ದರೆ ಡಾಕ್ಟರಿಗೆ ಬಿಡಿಸಿ ನೋಡಲು ಆಗುತ್ತದೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ವಿಚಾರವನ್ನೂ ಸರಕಾರಿ ಆಸ್ಪತ್ರೆಯಲ್ಲಿ ಮೊದಲೇ ಕೇಳಿಕೊಳ್ಳಿ. ದುಡ್ಡಿನ ಚಿಂತೆಯೂ ನಿದ್ದೆ ಕೆಡಿಸುತ್ತದೆ, ಅವ್ವ ಬಾಯಿಬಿಟ್ಟು ಹೇಳಲಿಕ್ಕಿಲ್ಲ.

ಆ ನಿದ್ದೆ ಗುಳಿಗೆ ನಿಲ್ಲಿಸುವ ಬಗ್ಗೆ ಡಾಕ್ಟರನ್ನು ಕೇಳಿ. ಎಷ್ಟು ದಿನದಿಂದ ಕೊಡುತ್ತಿದ್ದೀರಿ ಬರೆದಿಲ್ಲ. ಕೆಲವು ದಿನವಾದರೆ ಬಿಟ್ಟುಬಿಡಬಹುದು, ವಾರಗಟ್ಟಲೆ ಆಗಿದ್ದರೆ ಒಮ್ಮೆಲೇ ನಿಲ್ಲಿಸಬಾರದು. ಯಾವುದಾದರೂ ಸರಿ, ಆ ಸ್ಟ್ರಿಪ್ ಅನ್ನೇ ತಂದು ಅರಿವಳಿಕೆ ಡಾಕ್ಟರಿಗೆ ತೋರಿಸಿ. ನಾಚಿಕೆ ಬೇಡ, ನಾವು ಬೈಯುವುದಿಲ್ಲ. ಬೈದರೂ ತೋರಿಸಿ. ಮೇ ತಿಂಗಳಲ್ಲಿ ಕೊರೊನಾಗೆ ತಿಂದ ಮಾತ್ರೆಗಳ ಚೀಟಿಯೂ ಬೇಕು. ಹಳ್ಳಿಯಲ್ಲಿ ಎಷ್ಟೋ ಜನರಿಗೆ ಸ್ಟೀರಾಯ್ಡ್ ಕೊಟ್ಟಿದ್ದಾರೆ. ಅದನ್ನು ವಾರಗಟ್ಟಲೆ ತಿಂದಿದ್ದರೆ ಆಪರೇಷನ್ ಹೊತ್ತಿಗೆ ನಮ್ಮ ಔಷಧದ ಲೆಕ್ಕ ಬದಲಾಗುತ್ತದೆ, ಸಕ್ಕರೆಯನ್ನೂ ನೋಡಬೇಕಾಗುತ್ತದೆ.

ಮತ್ತಿನ ಬಗ್ಗೆ ಎರಡು ಮಾತು. ಈ ಆಪರೇಷನ್‌ಗೆ ಹೆಚ್ಚಾಗಿ ಬೆನ್ನಿಗೆ ಇಂಜೆಕ್ಷನ್ ಕೊಡುತ್ತೇವೆ. ಗಂಟಲಿಗೆ ಕೊಳವೆ ಹಾಕುವುದು ತಪ್ಪುತ್ತದೆ, ಶ್ವಾಸಕೋಶಕ್ಕೆ ಒಳ್ಳೆಯದು, ಸೋಂಕಿನ ಕಾಲದಲ್ಲಿ ನಮಗೂ ಒಳ್ಳೆಯದು. ಜೀವನಪೂರ್ತಿ ಬೆನ್ನುನೋವು ಬರುತ್ತದೆ ಎನ್ನುವುದಕ್ಕೆ ಆಧಾರ ಇಲ್ಲ. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು. ತೆಳು ಸೂಜಿಯಲ್ಲಿ ನೂರಕ್ಕೆ ಒಂದಿಬ್ಬರಿಗೆ ತಲೆನೋವು ಬರುತ್ತದೆ, ಅದು ನಿಜ, ಅದಕ್ಕೆ ಚಿಕಿತ್ಸೆ ಇದೆ. ಎಚ್ಚರ ಇರುತ್ತದಾ ಅಂತ ಅವ್ವ ಹೆದರಿದರೆ ಲಘುವಾಗಿ ನಿದ್ದೆ ಬರುವ ಔಷಧ ಕೊಡಿ ಅಂತ ಕೇಳಲಿ, ಕೊಡುತ್ತೇವೆ. ಇನ್ನು ಹಿಂದಿನ ದಿನ ಮಧ್ಯಾಹ್ನದಿಂದಲೇ ಉಪವಾಸ ಕೂರಿಸಬೇಡಿ. ನಮ್ಮ ಜನ ಇದರಲ್ಲಿ ಅತಿ ಮಾಡುತ್ತಾರೆ. ಆರು ಗಂಟೆ ಮುಂಚೆವರೆಗೆ ಹಗುರ ಊಟ, ಎರಡು ಗಂಟೆ ಮುಂಚೆವರೆಗೆ ಬರೀ ನೀರು, ಸಾಮಾನ್ಯವಾಗಿ ಇಷ್ಟೇ ನಿಯಮ. ನಿಮ್ಮ ಆಸ್ಪತ್ರೆಯವರು ಹೇಳುವ ಸಮಯವನ್ನು ಗೆರೆ ಹಾಕಿ ಬರೆದುಕೊಳ್ಳಿ. ಹಸಿದ ಹೊಟ್ಟೆಯಲ್ಲಿ ಹೆದರಿಕೆ ದುಪ್ಪಟ್ಟು.

ಈ ಐದಾರು ವಾರದಲ್ಲಿ ಒಂದು ವೇಳೆ ಗಂಟೆಗೊಂದು ಪ್ಯಾಡ್ ತೊಯ್ಯುವಷ್ಟು ರಕ್ತ ಹೋದರೆ, ತಲೆಸುತ್ತಿ ಬಿದ್ದರೆ, ಕೂತಲ್ಲೇ ಉಸಿರು ಹತ್ತಿದರೆ ಈ ಯೋಜನೆಯನ್ನೆಲ್ಲ ಮರೆತುಬಿಡಿ. ಆಗ ಕೊರೊನಾ ಲೆಕ್ಕ ಹಾಕುತ್ತಾ ಕೂರಬಾರದು. ರಾತ್ರಿಯಾದರೂ ಸರಿ, 108ಕ್ಕೆ ಫೋನ್ ಮಾಡಿ ರಾಯಚೂರಿನ ರಿಮ್ಸ್‌ಗೋ ಹತ್ತಿರದ ದೊಡ್ಡ ಆಸ್ಪತ್ರೆಗೋ ಹೊರಡಿ.

ಈಗ ಅವ್ವನ ಪ್ರಶ್ನೆ. ಆಪರೇಷನ್ ಕೋಣೆಯೊಳಗೆ ನಿಮ್ಮನ್ನು ಬಿಡುವುದಿಲ್ಲ. ಬಿಡುತ್ತಾರೆ ಅಂತ ಸುಳ್ಳು ಹೇಳಬೇಡಿ, ಬಾಗಿಲಲ್ಲಿ ಆ ಸುಳ್ಳು ಒಡೆದರೆ ಬಿಪಿ ಮತ್ತೆ 184. ಬಾಗಿಲವರೆಗೆ ಒಬ್ಬರನ್ನು ಬಿಡುತ್ತಾರೆ, ಆ ಒಬ್ಬರು ನೀವೇ ಅಂತ ಇವತ್ತೇ ಅವ್ವನಿಗೆ ಹೇಳಿ. ಒಳಗೆ ಅವರ ಹೆಸರು ಹಿಡಿದು ಮಾತಾಡಿಸುವ ಒಬ್ಬರು ಇರುತ್ತಾರೆ, ಅರಿವಳಿಕೆ ಡಾಕ್ಟರು. ಹಿಂದಿನ ದಿನ ತಪಾಸಣೆಗೆ ಹೋದಾಗ ಅವರನ್ನು ಹುಡುಕಿ ಮಾತಾಡಿಸಿ, ಮಾಸ್ಕ್ ಒಂದು ಕ್ಷಣ ದೂರದಿಂದ ತೆಗೆದು ಅವ್ವನಿಗೆ ಮುಖ ತೋರಿಸಿ ಅಂತ ಕೇಳಿ. ನನ್ನನ್ನು ಹಾಗೆ ಕೇಳಿದವರಿದ್ದಾರೆ, ತೋರಿಸಿದ್ದೇನೆ. ಆಪರೇಷನ್ ಮುಗಿದ ಮೇಲೆ ವಾರ್ಡಿನಿಂದ ಅವ್ವನೇ ಫೋನ್ ಮಾಡುವ ಹಾಗೆ, ನಿಮ್ಮ ನಂಬರ್ ಒಂದನ್ನೇ ಒತ್ತಿದರೆ ಹೋಗುವ ಸಾದಾ ಫೋನು, ಉದ್ದ ವೈರಿನ ಚಾರ್ಜರು ಕೊಟ್ಟು ಕಳಿಸಿ. ವಾರ್ಡಿನಲ್ಲಿ ಪ್ಲಗ್ ಯಾವಾಗಲೂ ಹಾಸಿಗೆಯಿಂದ ದೂರ ಇರುತ್ತದೆ.